ಹರಾಜಿನಲ್ಲಿ ಸಿಕ್ಕ ಚಪ್ಪಾಳೆ

"ಫ್ರೇಮ್ ಭಾಳ ಚಲೋ ಐತಿ. ಒಳಗಿನ ಚಿತ್ರ ತಗದ್ ಒಗದು ನಮ್ಮ ಅಜ್ಜನ ಫೋಟೋ ಕೂಡಿಸಿದ್ರಾತು" ಎಂದು ಗೆಳೆಯನಿಗೆ ಹೇಳಿ ನಕ್ಕೆ.

ಸವಣೂರಿನ ಶಾಲೆಯೊಂದರಲ್ಲಿ, ತೀರಿಕೊಂಡ ಡ್ರಾಯಿಂಗ್ ಮಾಸ್ತರರೊಬ್ಬರ ಚಿತ್ರಗಳ ಹರಾಜು ನಡೆದಿತ್ತು. ಬಂದ ಹಣವೆಲ್ಲ ಕಿವುಡ ಮಕ್ಕಳ ಶಾಲೆಗೆ ಸೇರಬೇಕೆಂದು ಅವರೇ ಬರೆದಿಟ್ಟಿದ್ದರು. ನಾನು ಆಗಷ್ಟೇ ಒಂದು ಚಿತ್ರವನ್ನು ಕೂಗಿ ಪಡೆದಿದ್ದೆ. ಎಲೆತೋಟದ ನೆರಳಿನಲ್ಲಿ ಕುಳಿತು ವೀಳ್ಯದೆಲೆ ಜೋಡಿಸಿ ಕಟ್ಟುತ್ತಿದ್ದ ಮುದುಕಿಯ ಚಿತ್ರವದು. ನನಗೆ ಬೇಕಾಗಿದ್ದುದು ಅದರ ಸಾಗವಾನಿ ಚೌಕಟ್ಟು ಮಾತ್ರ.

ಹಿಂದೆ ನಿಂತಿದ್ದ ನಡುವಯಸ್ಸಿನ ಹೆಂಗಸೊಬ್ಬಳು ಮುಂದೆ ಬಂದಳು. ಹರಾಜಿನಲ್ಲಿ ಈ ಚಿತ್ರಕ್ಕೆ ಮೊದಲೆರಡು ಸಲ ಕೈಯೆತ್ತಿ, ಬೆಲೆ ಏರಿದಾಗ ಸುಮ್ಮನಾದವಳು ಅವಳೇ.

"ಫ್ರೇಮ್ ನೀವ ಇಟ್ಕೋರಿ ಅಣ್ಣಾರ. ಚಿತ್ರ ಒಗಿಯೂದಿದ್ರ ನನಗ ಕೊಡ್ರಿ. ಆಕಿ ನಮ್ಮವ್ವ. ಮನ್ಯಾಗ ಆಕಿದು ಒಂದೂ ಫೋಟೋ ಇಲ್ಲ."

ಚೌಕಟ್ಟಿನ ಸಮೇತ ಚಿತ್ರವನ್ನು ಅವಳ ಕೈಗಿಟ್ಟೆ. ಅವಳು ಸೆರಗಿನಿಂದ ಗಾಜು ಒರೆಸಿ ಆ ಮುಖವನ್ನೇ ನೋಡುತ್ತ ನಿಂತಳು. ಆಮೇಲೆ "ದೊಡ್ಡ ಮನಸು ರೀ ನಿಮ್ದು" ಎಂದು ಕೈಮುಗಿದಳು. ವೇದಿಕೆಯಲ್ಲಿದ್ದವರು ಮೈಕಿನಲ್ಲಿ ನನ್ನ ಹೆಸರು ಹೇಳಿ ಎಲ್ಲರಿಂದ ಚಪ್ಪಾಳೆ ಹೊಡೆಸಿದರು. ಆ ಚಪ್ಪಾಳೆಗೆ ನಾನೂ ತಲೆಬಾಗಿ ನಮಸ್ಕರಿಸಿದೆ.

ನಮ್ಮ ಹುಲಗೂರಿನಲ್ಲಿ ಈಗಲೂ ನನ್ನ ಅಂದಿನ ಔದಾರ್ಯದ ಮಾತು ಬರುತ್ತದೆ. ಚಿತ್ರ ಒಗೆಯುವ ನನ್ನ ಮಾತನ್ನು ಅವಳು ಮಾತ್ರ ಇಂದಿಗೂ ಯಾರ ಮುಂದೆಯೂ ಆಡಿಲ್ಲ. ಹೊಗಳುವವರೆದುರು ನಾನೂ ಆಡಿಲ್ಲ.