ಸವಣೂರಿನಲ್ಲಿ ಕುಡಿದ ನೀರು

ಬಂದು ವಾರವಾಗಿರಲಿಲ್ಲ, ಸವಣೂರಿನ ಜುಲೇಖಾಬಿ ಚರಗಿಯ ನೀರನ್ನು ನನ್ನ ಕಾಲ ಬಳಿ ಸುರಿದುಬಿಟ್ಟಳು. ಚರಗಿ ಎಂದರೆ ನಮ್ಮ ತಂಬಿಗೆ. ಮೈಸೂರಿನಲ್ಲಿ ಬಂದವರನ್ನು ಕಾಫಿ ಬೇಕೇ ಎಂದು ಕೇಳುತ್ತೇವೆ. ಇಲ್ಲಿ ಕೇಳುವುದಿಲ್ಲ, ನೀರು ತಂದು ಮುಂದಿಡುತ್ತಾರೆ. ನಾನು ಬೇಡ ಎಂದಿದ್ದೆ.

"ನಮ್ಮ ನೀರು ನಿಮಗ ಆಗೂದಿಲ್ಲಂದ್ರ ನಮ್ಮ ಮನಿಗ್ಯಾಕ ಬಂದ್ರಿ, ಅಕ್ಕಾರ?"

ಎಪ್ಪತ್ತರ ದಶಕ ಮುಗಿಯುತ್ತಿತ್ತು. ನೀರಿನಿಂದ ಹರಡುವ ರೋಗಗಳ ಅಧ್ಯಯನಕ್ಕೆಂದು ನಾನು ಇಲ್ಲಿಗೆ ಬಂದಿದ್ದೆ. ಜುಲೇಖಾಬಿಯ ಓಣಿಯಲ್ಲಿ ಕಾಮಣಿ, ಅಂದರೆ ನಮ್ಮ ಕಾಮಾಲೆ, ಹಬ್ಬಿತ್ತು. ಓಣಿಗೆಲ್ಲ ಒಂದೇ ಬಾವಿ, ಅದರ ಮಗ್ಗುಲಲ್ಲೇ ಗಟಾರ. ಕುದಿಸದ ನೀರು ಕುಡಿಯಬೇಡಿ ಎನ್ನಲು ಬಂದವಳು ಅದನ್ನೇ ಕುಡಿಯುವುದು ಹೇಗೆ? ಆದರೆ ಆಚಾರ್ಯರ ಮನೆಯಲ್ಲಿ ಬಾಡಿಗೆಗಿದ್ದ ನನ್ನಲ್ಲಿ ಓಣಿಯವರಿಗೆ ಕಂಡದ್ದು ಮಡಿ. ಅವರ ತಪ್ಪೇನು? ನಮ್ಮವರು ಯಾವತ್ತಾದರೂ ರೋಗಾಣುವಿಗೆ ಹೆದರಿ ಅವರ ನೀರು ಬೇಡ ಎಂದಿದ್ದಾರೆಯೇ? ಹಿರಿಯರು ಮಾಡಿಟ್ಟ ಹೊಲಸಿಗೆ ನನ್ನ ವಿಜ್ಞಾನವೂ ಬಲಿಯಾಯಿತಲ್ಲ ಎಂದು ಮೈ ಉರಿಯಿತು.

ಉರಿದುಕೊಂಡು ಕೂರುವ ಹಾಗೂ ಇರಲಿಲ್ಲ. ಜುಲೇಖಾಬಿಯ ಸೊಸೆ ರಾಬಿಯಾ ತುಂಬು ಬಸುರಿ. ಬಸುರಿಯರಿಗೆ ಈ ಕಾಮಣಿ ತಗುಲಿದರೆ ಜೀವಕ್ಕೇ ಸಂಚಕಾರ. ಪಕ್ಕದ ಓಣಿಯಲ್ಲಿ ಒಬ್ಬಳು ಹೋಗಿಯೇ ಬಿಟ್ಟಿದ್ದಳು. ಮರುದಿನ ಮತ್ತೆ ಹೋದೆ. ಜುಲೇಖಾಬಿ ವೀಳ್ಯದೆಲೆ ಜೋಡಿಸುತ್ತ ಕುಳಿತಿದ್ದಳು, ತಲೆ ಎತ್ತಲಿಲ್ಲ.

"ನಿಮ್ಮ ಒಲೆ, ನಿಮ್ಮ ಪಾತ್ರೆ. ನೀವೇ ಕುದಿಸಿ ಕೊಡಿ, ಕುಡೀತೀನಿ" ಎಂದೆ.

"ಖರೇನ ಕುಡೀತೀರಿ?"

"ಮನೆಯವರೆಲ್ಲ ಅದನ್ನೇ ಕುಡಿಯೋದಾದ್ರೆ ದಿನಾ ಬಂದು ಕುಡೀತೀನಿ."

ಕುದಿಸಿದಳು. ಆರಿಸಿ ಕೊಟ್ಟು, ಲೋಟ ಬರಿದಾಗುವ ತನಕ ನನ್ನ ಗಂಟಲನ್ನೇ ನೋಡುತ್ತಿದ್ದಳು. ಆಮೇಲೆ "ಕುಂತ್ಗೋರಿ" ಎಂದು ಚಾಪೆ ಹಾಸಿದಳು. ಓಣಿಯೇ ನನ್ನನ್ನು ಕರೆಯತೊಡಗಿತು. ಅಕ್ಕಾರು ಬರುತ್ತಾರೆಂದು ಮನೆಮನೆಯಲ್ಲೂ ಒಲೆಯ ಮೇಲೆ ನೀರು ಕುದಿಯುತ್ತಿತ್ತು. ರಾಬಿಯಾ ಹೆತ್ತಳು, ತಾಯಿ, ಮಗು ಇಬ್ಬರೂ ಗಟ್ಟಿ. ಪದವಿ ಬಂದ ದಿನವೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ನಾನು ಅಲ್ಲಿ ನೀರು ಕುಡಿದದ್ದು ಗೊತ್ತಾಗಿ ಆಚಾರ್ಯರು ಕೋಣೆ ಖಾಲಿ ಮಾಡಿಸಿದರು. ಮಾಡಿಸಲಿ ಎಂದುಕೊಂಡು ಜುಲೇಖಾಬಿಯ ಓಣಿಯಲ್ಲೇ ಬೇರೊಂದು ಹಿಡಿದೆ.

ಬೇಸಿಗೆಯಲ್ಲಿ ಮೈಸೂರಿಗೆ ಹೋದೆ. ಸುದ್ದಿ ನನಗಿಂತ ಮೊದಲೇ ತಲುಪಿತ್ತು. ಹಿತ್ತಲ ಕಟ್ಟೆಯ ಮೇಲೆ ಅಮ್ಮ ನನಗೆಂದೇ ಒಂದು ಲೋಟ ಬೇರೆ ಇಟ್ಟಿದ್ದಳು.

"ನಾನು ಕುಡಿದದ್ದು ಕುದಿಸಿದ ನೀರಮ್ಮಾ!" ಎಂದು ಕೂಗಿದೆ.

"ಕುದಿಸಿದ್ರೆ ಜಾತಿ ಸಾಯತ್ತೇನೇ?" ಎಂದಳು ಅಮ್ಮ, ಮೆಲ್ಲಗೆ.

ಲೋಟ ಮುಟ್ಟದೆ ಅಂದೇ ಬಸ್ಸು ಹತ್ತಿದೆ. ಸವಣೂರಿನಲ್ಲಿ ಇಳಿದು ನೇರ ಜುಲೇಖಾಬಿಯ ಮನೆಗೆ ಹೋದೆ.

"ಇಷ್ಟ ಲಗೂನ ಯಾಕ ಬಂದ್ರಿ?" ಎಂದಳು.

"ನೀರಡಿಕೆ ಆಗಿತ್ತು" ಎಂದೆ.

"ಯಾಕ್ರಿ, ನಿಮ್ಮೂರಾಗ ನೀರಿಲ್ಲೇನು?" ಎಂದು ನಗುತ್ತ ಒಳಗೆ ಹೋದಳು. ಅವಳಿಗೆ ಇನ್ನೂ ಮೈಸೂರೇ ನನ್ನೂರು. ನನಗೆ ನಗು ಬರಲಿಲ್ಲ.