ಭಾಮೈದನ ಹೆಸರಲ್ಲಿ ಹುಡುಕಿದ ಸಭೆ

ಲಿಫ್ಟ್ ರಿಪೇರಿಯವನಿಗೆ ಹತ್ತು ಅಂತಸ್ತು ಹತ್ತಿ ಇಳಿಯುವುದು ಒಂದು ಲೆಕ್ಕವೇ ಅಲ್ಲ. ಆಸ್ಪತ್ರೆಯ ಕೌಂಟರಿನ ಮುಂದೆ ನಿಂತು ಒಂದು ಮಾತು ಕೇಳುವಷ್ಟರಲ್ಲಿ ಮಾತ್ರ ಬೆವರು ಕಿತ್ತುಕೊಂಡು ಬಂತು. ಕುಡಿತ ಬಿಡಬೇಕೆನ್ನುವವರೆಲ್ಲ ಸೇರಿ ಕೂರುವ ಸಭೆಯೊಂದು ಊರಲ್ಲಿ ನಡೆಯುತ್ತದಂತೆ, ಎಲ್ಲಿ ಎಂದು ಕೇಳಬೇಕಿತ್ತು, ಅಷ್ಟೇ.

"ಯಾರಿಗೆ?" ಎಂದಳು ಕೌಂಟರಿನವಳು, ತಲೆಯನ್ನೂ ಎತ್ತದೆ.

"ನಮ್ಮ ಭಾಮೈದನಿಗೆ," ಎಂದುಬಿಟ್ಟ.

ಅಯ್ಯೋ, ಆ ಭಾಮೈದನೋ! ಹೆಂಡತಿಯ ತಮ್ಮ, ಇವನ ಕೈಕೆಳಗೇ ಕೆಲಸ ಕಲಿತವನು, ಕೆಮ್ಮಿನ ಔಷಧಿಯನ್ನೂ ಮೂಸಿ ನೋಡಿ ಕುಡಿಯುವ ಆಸಾಮಿ. ಆದರೆ ಹನ್ನೆರಡು ದಿನದಿಂದ ಇವನ ತಲೆಯಲ್ಲಿ ಅವನೇ ಕೂತಿದ್ದ, ಬಾಯಿಗೂ ಅವನೇ ಬಂದ.

ಹನ್ನೆರಡು ದಿನದ ಹಿಂದೆ, ಮಧ್ಯಾಹ್ನ, ಭಾಮೈದ ಲಿಫ್ಟಿನ ತಳದ ಗುಂಡಿಗಿಳಿದು ಗ್ರೀಸ್ ಹಚ್ಚುತ್ತಿದ್ದ. ಇವನು ಮೇಲೆ, ಮೆಷಿನ್ ರೂಮಿನಲ್ಲಿ. ಊಟಕ್ಕೆ ಮುಂಚೆಯೇ ಒಂದು ಕ್ವಾರ್ಟರ್ ಇಳಿಸಿದ್ದ. ಕೆಳಗಿನವನು "ಹೊರಗೆ ಬಂದೆ" ಎಂದು ಕೂಗುವ ತನಕ ಮೇನ್ ಸ್ವಿಚ್ ಮುಟ್ಟಬಾರದು. ಭಾಮೈದನಿಗೆ ಆ ಪಾಠ ಹೇಳಿಕೊಟ್ಟವನೇ ಇವನು! ಕೂಗು ಬರಲಿಲ್ಲ, ಇವನು ಮುಟ್ಟಿದ. ಲಿಫ್ಟ್ ಧಡಕ್ಕನೆ ಇಳಿಯಿತು. ಭಾಮೈದ ಗುಂಡಿಯಲ್ಲೇ ಅಂಗಾತ ಮಲಗಿಬಿಟ್ಟಿದ್ದರಿಂದ ಕೂದಲೆಳೆಯಲ್ಲಿ ಪಾರಾದ. ಹೊರಗೆ ಬಂದವನೇ ಚೀಲ ಹೆಗಲಿಗೇರಿಸಿ ಹೊರಟುಹೋದ. ಮರುದಿನದಿಂದ ಕಂಪನಿಯವರು ಅವನನ್ನು ಗೋಡೌನಿಗೆ ಹಾಕಿದರು.

"ಮುನಿಸಿಕೊಂಡು ತಾನೇ ಕೇಳ್ಕೊಂಡು ಹೋಗಿದಾನೆ. ಫೋನೂ ಎತ್ತಲ್ಲ ದೊಡ್ಡ ಮನುಷ್ಯ!" ಎಂದು ಇವನು ಮನೆಯಲ್ಲಿ ಕೂಗಾಡಿದ. ಕೂಗಾಟವೇನೋ ಸರಿ, ಆದರೆ ಸ್ವಿಚ್ಚಿನ ಕಡೆ ಕೈ ಚಾಚಿದರೆ ಎದೆ ಡವಡವ ಎನ್ನುತ್ತಿತ್ತು. ಹೀಗೇ ಕುಡಿಯುತ್ತಿದ್ದರೆ ಒಂದು ದಿನ ಯಾರನ್ನಾದರೂ ಕೊಂದೇಬಿಡುತ್ತೇನೆ ಎಂಬ ಭಯ ಹೊಕ್ಕಿತ್ತು. ಒಬ್ಬನೇ ಮೂರು ಸಲ ಬಿಟ್ಟು ನೋಡಿದ. ಸಂಜೆಯಾಗುತ್ತಲೇ ಕಾಲು ತಾನಾಗಿ ಬಾರಿನ ಕಡೆ ತಿರುಗುತ್ತಿತ್ತು.

ಕೌಂಟರಿನವಳು ಒಂದು ಫೋನ್ ನಂಬರು, ಒಂದು ವಿಳಾಸ ಗೀಚಿ ಕೊಟ್ಟಳು. ನಂಬರಿಗೆ ಮಾಡಿದರೆ ಯಾವನೋ, "ಸಿಮೆಂಟ್ ಎಷ್ಟು ಮೂಟೆ ಬೇಕು?" ಎಂದ. ಮತ್ತೊಮ್ಮೆ ಮಾಡಿದ್ದಕ್ಕೆ ಬೈದ. ಎರಡು ಬಸ್ಸು ಬದಲಿಸಿ ವಿಳಾಸ ಹುಡುಕಿಕೊಂಡು ಹೋದರೆ ಅಲ್ಲಿದ್ದದ್ದು ಜಿಮ್ಮು. ಡಂಬೆಲ್ ಎತ್ತುತ್ತಿದ್ದ ದಾಂಡಿಗನೊಬ್ಬ ಇವನ ಹೊಟ್ಟೆ ನೋಡಿ, "ಬನ್ನಿ ಸಾರ್, ಮೂರೇ ತಿಂಗಳಲ್ಲಿ ಕರಗಿಸ್ತೀವಿ," ಎಂದ. ಮೈಯೆಲ್ಲ ಉರಿದುಹೋಯಿತು.

"ಕುಡಿಯೋಕೆ ಬೀದಿ ಬೀದೀಲೂ ಬೋರ್ಡು ಹಾಕಿರ್ತಾರೆ. ಬಿಡ್ತೀನಿ ಅಂದ್ರೆ ಒಂದು ವಿಳಾಸ ನೆಟ್ಟಗಿಲ್ಲ, ಥೂ!" ಎಂದು ರಸ್ತೆಯಲ್ಲೇ ಉಗಿದ. ಇವನಂದದ್ದರಲ್ಲಿ ತಪ್ಪೇನಿತ್ತು ಹೇಳಿ?

ಕೊನೆಗೆ ಔಷಧಿ ಅಂಗಡಿಯವನೊಬ್ಬ ಕನಿಕರ ತೋರಿಸಿದ. "ಭಾಮೈದನಾ? ಹಾಗಾದ್ರೆ ನೀವು ಬುಧವಾರ ಐದಕ್ಕೆ ಹೋಗ್ಬೇಕು. ಲೈಬ್ರರಿ ಮೇಲಿನ ರೂಮು." ಬುಧವಾರವೆಂದರೆ ಅಂದೇ. ಗಂಟೆ ಐದಾಗಿತ್ತು. ಬಿದ್ದಂಬೀಳ ಓಡಿದ.

ರೂಮಿನ ಬಾಗಿಲಲ್ಲಿ ಸಭೆ ನಡೆಸುವ ಹೆಂಗಸು ನಿಂತಿದ್ದಳು, ನಿವೃತ್ತ ನರ್ಸ್. "ಯಾರ ವಿಷಯ?" ಎಂದು ಮೆಲ್ಲಗೆ ಕೇಳಿದಳು. "ಭಾಮೈದ," ಎಂದ ಇವನು. ನಾಲಗೆಗೆ ಅದೇ ರೂಢಿಯಾಗಿತ್ತು. ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ. ಒಬ್ಬಾಕೆ ಗಂಡನ ಕುಡಿತದ ಬಗ್ಗೆ ಹೇಳಿ ಅತ್ತಳು. ಒಬ್ಬ ಮುದುಕ ಮಗನ ಬಗ್ಗೆ ಹೇಳಿದ. ಆಮೇಲೆ ಇವನಿಗೆ ಹೊಳೆಯಿತು, ಇದು ಕುಡಿಯುವವರ ಸಭೆಯಲ್ಲ, ಅವರ ಮನೆಯವರ ಸಭೆ. ಸಿಟ್ಟು ನೆತ್ತಿಗೇರಿತು. ಹಲ್ಲು ಕಡಿಯುತ್ತ ಏಳಬೇಕು ಅನ್ನುವಷ್ಟರಲ್ಲಿ ಮುಂದಿನ ಸಾಲಿನಿಂದ ಗುರುತಿನ ದನಿ ಕೇಳಿಸಿತು.

"ನಂಗೆ ಕೆಲಸ ಕಲಿಸಿದ್ದು ನಮ್ಮ ಭಾವಾನೇ," ಎನ್ನುತ್ತಿದ್ದ ಭಾಮೈದ. "ಆವತ್ತು ಗುಂಡೀಲಿ ನಾನು ಸತ್ತೇ ಹೋಗ್ತಿದ್ದೆ. ಆದ್ರೂ ಆಫೀಸಲ್ಲಿ, 'ಗುಂಡಿಯಿಂದ ಹೊರಗೆ ಬರೋಕೆ ಮುಂಚೆ ನಾನೇ ಕೂಗಿಬಿಟ್ಟೆ, ತಪ್ಪು ನಂದು' ಅಂತ ಬರೆದುಕೊಟ್ಟೆ. ಇಲ್ದಿದ್ರೆ ಅವರ ಕೆಲಸ ಹೋಗ್ತಿತ್ತು, ನಮ್ಮಕ್ಕ ಏನ್ಮಾಡ್ಬೇಕು? ಅದಕ್ಕೇ ನನ್ನ ಗೋಡೌನಿಗೆ ಹಾಕಿದ್ದಾರೆ. ಭಾವ ಫೋನ್ ಮಾಡ್ತಾರೆ, ನಾನು ಎತ್ತಲ್ಲ. ಎತ್ತಿದ್ರೆ ಏನು ಬೈದುಬಿಡ್ತೀನೋ ಅಂತ ಭಯ."

ಹಿಂದಿನ ಸಾಲಿನವನು ಏಳದೆ ಕೂತಲ್ಲೇ ಕೂತ. ಇವನ ತಪ್ಪನ್ನು ಅವನು ತನ್ನ ತಲೆ ಮೇಲೆ ಹೊತ್ತಿದ್ದರೆ, ಇವನು ಕಂಡಕಂಡ ಕೌಂಟರಿನಲ್ಲೆಲ್ಲ ಅವನನ್ನು ಕುಡುಕನನ್ನಾಗಿ ಮಾಡಿಕೊಂಡು ಬಂದಿದ್ದ. ನಾಚಿಕೆಗೇಡು!

"ಹೊಸಬರು ಹೇಳಿ," ಎಂದಳು ನರ್ಸ್. "ಭಾಮೈದನ ವಿಷಯ ಅಂದ್ರಲ್ಲ?"

ಮುಂದಿನ ಸಾಲಿನವನು ಹಿಂತಿರುಗಿ ನೋಡಿದ. ಮುಖ ಕೆಂಪಾಯಿತು. "ಭಾಮೈದನ ವಿಷಯಾನಾ? ನಾನಾ ಕುಡುಕ?" ಎಂದು ಎದ್ದೇ ನಿಂತ.

"ಸುಳ್ಳು ಹೇಳ್ದೆ ಕಣೋ," ಎಂದ ಇವನು. ಆಮೇಲೆ ನರ್ಸಿನ ಕಡೆ ತಿರುಗಿ, "ಕುಡಿಯೋನು ನಾನು ತಾಯಿ. ಇವನು ಹೇಳಿದ ಭಾವ ನಾನೇ," ಎಂದ.

ನರ್ಸ್, "ಕುಡಿಯೋರ ಸಭೆ ಶುಕ್ರವಾರ. ಇದೇ ರೂಮು, ಇದೇ ಹೊತ್ತು," ಎಂದಳು.

"ಶುಕ್ರವಾರಾನಾ?" ಇವನಿಗೆ ಅಳುವೇ ಬಂತು. "ಇನ್ನೂ ಎರಡು ಸಂಜೆ ಇದೆಯಲ್ಲಮ್ಮ! ಅಲ್ಲೀವರೆಗೆ ಏನು ಮಾಡೋದು ನಾನು?"

ಅವಳು ಬಾಯಿ ತೆರೆಯುವ ಮೊದಲೇ ಭಾಮೈದ ಹೇಳಿದ.

"ಎಂಟು ತಿಂಗಳಿಂದ ಇಲ್ಲಿ ಕೂತು ನಾನೂ ಅದನ್ನೇ ಕೇಳ್ತಿದೀನಿ, ಭಾವ."