ಸೆಲ್ಫ್ ಮೋಟಾರಿನ ಮೇಲೆ ಒಡೆದ ಕಾಯಿ

ಮುದ್ದೇಬಿಹಾಳದಲ್ಲಿ ನನ್ನದೊಂದು ಸಣ್ಣ ಅಂಗಡಿ. ಟ್ರ್ಯಾಕ್ಟರು, ಟೆಂಪೊಗಳ ಡೈನಮೊ, ಸೆಲ್ಫ್ ಮೋಟಾರು ಬಿಚ್ಚಿ ರಿಪೇರಿ ಮಾಡುವುದು ನನ್ನ ಕಸುಬು. ಕೀಲಿ ತಿರುವಿದೊಡನೆ ಇಂಜಿನ್ನನ್ನು ತಿರುಗಿಸಿ ಎಬ್ಬಿಸುವುದೇ ಸೆಲ್ಫ್. ನನ್ನ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಕೈಯಿಂದ ಬಂದ ಹೆಸರನ್ನು ಬಾಯಿಯಿಂದ ಕಳೆದುಕೊಳ್ಳುವುದು ನನಗೆ ಹೊಸದಲ್ಲ. ಆದರೆ ಈ ಸಲದ ಎಳ್ಳಮಾವಾಸ್ಯೆಯಲ್ಲಿ ಕಳೆದದ್ದು ನನ್ನ ಹೆಸರಲ್ಲ, ಇನ್ನೊಬ್ಬರದು.

ಕೃಷ್ಣೆಯ ಹಿನ್ನೀರಿನ ದಂಡೆಯಲ್ಲಿ ಒಂದು ಊರಿದೆ. ಮಂದಿ ಈಚೆ, ಮುಳುಗದೆ ಉಳಿದ ಅವರ ಹೊಲಗಳು ಆಚೆ. ನಡುವೆ ಓಡಾಡುವುದು ಒಬ್ಬ ಕಾಕಾನ ಕಬ್ಬಿಣದ ದೋಣಿ, ಅದಕ್ಕೆ ಹಳೆಯ ಜೀಪಿನ ಡೀಸೆಲ್ ಇಂಜಿನ್. ಅದರ ಸೆಲ್ಫ್ ಸುಟ್ಟುಹೋಗಿ ಕಾಕಾ ಹುಟ್ಟು ಹಾಕಿಯೇ ದಾಟಿಸುತ್ತಿದ್ದರು. ಎಳ್ಳಮಾವಾಸ್ಯೆಯ ದಿನ ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಬೇಕು, ಬೆಳೆದು ನಿಂತ ಭೂಮಿಗೆ ಉಣಿಸಿ ತಾವು ಉಣ್ಣಬೇಕು. ಅಷ್ಟು ಮಂದಿಯನ್ನು ರಟ್ಟೆಯ ಬಲದಿಂದ ದಾಟಿಸಲಾರೆ ಎಂದು ಕಾಕಾ ನನ್ನನ್ನು ಕರೆಸಿದರು.

ಗುಜರಿಯಿಂದ ಬೇರೊಂದು ಗಾಡಿಯ ಸೆಲ್ಫ್ ತಂದು, ಒಳಗಿನದನ್ನೆಲ್ಲ ಹೊಸದು ಮಾಡಿ ಕೂರಿಸಿದೆ. ಅಳತೆ ಪೂರ್ತಿ ಹೊಂದಲಿಲ್ಲ. ಮೋಟಾರಿನ ಮೂತಿಗೂ ಇಂಜಿನ್ನಿನ ಹಲ್ಲಿನ ಚಕ್ರಕ್ಕೂ ನಡುವೆ ಒಂದು ಸಂದು ಬಾಯಿ ತೆರೆದುಕೊಂಡು ಉಳಿಯಿತು. ತಗಡು ಬಡಿದು ಮುಚ್ಚಬೇಕಿತ್ತು, ಹಬ್ಬ ಮುಗಿಯಲಿ ಅಂದುಕೊಂಡೆ. ಕೀಲಿ ತಿರುವಿದ ಕೂಡಲೇ ಇಂಜಿನ್ ಗುಡುಗಿತು, ಕಾಕಾನ ಮುಖ ಅರಳಿತು, ನನ್ನ ಬಾಯಿಯೂ ಅರಳಿತು.

"ಕಾಕಾ, ಇನ್ನ ಆ ಹುಟ್ಟು ಒಲಿಗೆ ಹಾಕ್ರಿ" ಎಂದೆ.

ಒಲೆಗೆ ಹಾಕಲಿಲ್ಲ, ಪುಣ್ಯ. ಆದರೆ ಹಬ್ಬದ ಮುಂಜಾನೆ ಇನ್ನಷ್ಟು ಮಂದಿ ಹಿಡಿಯಲೆಂದು ಹುಟ್ಟುಗಳನ್ನು ಈಚೆ ದಂಡೆಯಲ್ಲೇ ಬಿಟ್ಟರು. ನನ್ನ ಮಾತಿನ ಮೇಲೆ ಬಿಟ್ಟರು.

ನನಗೂ ಊಟಕ್ಕೆ ಹೇಳಿದ್ದರಿಂದ ಬಿಳಿ ಅಂಗಿ ತೊಟ್ಟು ದೋಣಿ ಹತ್ತಿದ್ದೆ. ಹಬ್ಬವೆಂದು ಕಾಕಾ ದೋಣಿಯಲ್ಲಿ ಹಾಡು ಹಚ್ಚಿದ್ದರು. ಪಕ್ಕದಲ್ಲಿ ಕಾಕಾನ ಸೊಸೆ ಕೂತಿದ್ದಳು. ನೀರ ಮೇಲಿನ ಥಂಡಿ ಗಾಳಿಗೆ ಹೆದರಿ ಎಳೆಗೂಸನ್ನು ಅತ್ತೆಯ ಹತ್ತಿರ ಬಿಟ್ಟು ಬಂದಿದ್ದಳು. "ಚರಗ ಚೆಲ್ಲಿದ ಕೂಡ್ಲೆ ಮೊದಲ ನನ್ನ ದಾಟಿಸಿಬಿಡ್ರಿ ಮಾವಾರ, ಕೂಸು ಹಸೀತೈತಿ" ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದಳು.

ಆಚೆ ದಂಡೆ ಮುಟ್ಟಿದಾಗ ಅಲ್ಲಿನ ಕಲ್ಲಿಗೆ ಕಾಯಿ ಒಡೆದು ಹೊಲಕ್ಕೆ ಹೋಗುವುದು ಪದ್ಧತಿ. ದೋಣಿ ಎಬ್ಬಿಸಿದ ಮಿಸ್ತ್ರಿಯೇ ಒಡೆಯಲಿ ಎಂದು ಕಾಯಿ ನನ್ನ ಕೈಗೆ ಕೊಟ್ಟರು. ನಾನು ಸುಮ್ಮನೆ ಇಳಿದು ಕಲ್ಲಿಗೆ ಒಡೆಯಬಹುದಿತ್ತು. ಒಡೆಯಲಿಲ್ಲ.

"ನನ್ನ ದೇವರು ಇಲ್ಲೇ ಐತಿ" ಎಂದು ಇಂಜಿನ್ನಿನ ಕಡೆ ತಿರುಗಿದೆ.

"ಕಲ್ಲಿಗೆ ಒಡೀರಿ ಮಿಸ್ತ್ರಿ" ಎಂದರು ಕಾಕಾ ಮೆಲ್ಲಗೆ.

ಕೇಳುವ ಕಿವಿ ಎಲ್ಲಿತ್ತು? ಸೆಲ್ಫಿನ ಕಬ್ಬಿಣದ ಮೈಗೆ ಒಂದೇ ಏಟು ಹಾಕಿದೆ. ಕಾಯಿ ಚೂರಾಯಿತು, ಮಂದಿ ನಕ್ಕರು, ನಾನು ಮೀಸೆ ತಿರುವಿದೆ.

ಸಜ್ಜಿ ಕಡುಬು, ಶೇಂಗಾ ಹೋಳಿಗೆ, ಪುಂಡಿಪಲ್ಯ ಹೊಟ್ಟೆ ಬಿರಿಯುವಷ್ಟು ತಿಂದು, ಜೋಳದ ಬೆಳೆಯ ನೆರಳಿನಲ್ಲಿ ಅಡ್ಡಾಗಿದ್ದೆ. ಕಾಕಾ ಬಂದು ಎಬ್ಬಿಸಿದರು. ದೋಣಿ ಏಳುತ್ತಿಲ್ಲ. ಹೋಗಿ ಕೀಲಿ ತಿರುವಿದೆ. ಕಟ್ ಅಂತ ಒಂದು ಸದ್ದು, ಅಷ್ಟೇ. ಮತ್ತೆ ತಿರುವಿದೆ, ಮತ್ತೆ ಕಟ್. ಮಂದಿ ದಂಡೆಯಲ್ಲಿ ಗುಂಪುಗೂಡಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಕೆಲಸ ಎಲ್ಲರ ಮುಂದೆ ಹೀಗೆ ಕೈಕೊಡುವುದೆಂದರೇನು?

"ಮುಂಜಾನಿಂದ ಹಾಡ ಹಚ್ಚಿ ಬ್ಯಾಟರಿ ಇಳಿಸೀರಿ! ಮಾಡಿಕೊಟ್ಟದ್ದ ಸಂಭಾಳಿಸಾಕ ಬರಂಗಿಲ್ಲಂದ್ರ ದೋಣಿ ಯಾಕ ನಡಸ್ತೀರಿ?" ಎಂದು ಕಾಕಾನ ಮೇಲೆ ಹರಿಹಾಯ್ದೆ. ನನ್ನ ಅಪ್ಪನ ವಯಸ್ಸಿನವರು. ತಗಡಿನ ಡಬ್ಬಿಯಿಂದ ಬೋಲ್ಟು ಬಿಚ್ಚುವ ಪಾನಾ ತೆಗೆದು ನನ್ನ ಮುಂದಿಟ್ಟರು.

ಬ್ಯಾಟರಿ ಸರಿಯಾಗಿಯೇ ಇತ್ತು. ಆದರೂ ಹಠಕ್ಕೆ ವಯರು ಉಜ್ಜಿದೆ, ಬಿಗಿದೆ, ಮತ್ತೆ ಉಜ್ಜಿದೆ. ಅಷ್ಟರಲ್ಲಿ ಸೊಸೆಯ ಫೋನು ಬಡಿಯಿತು. ಅತ್ತೆಯದು. ಅತ್ತೆಯ ಮಾತು ನನಗೆ ಕೇಳಲಿಲ್ಲ, ಕೂಸಿನ ಅಳು ಕೇಳಿತು. ಅವಳು ಸೆರಗನ್ನು ಎದೆಗೆ ಗಟ್ಟಿಯಾಗಿ ಒತ್ತಿಕೊಂಡು ನನ್ನ ತಲೆಯ ಹತ್ತಿರ ಬಂದು ನಿಂತಳು.

"ಎಷ್ಟೊತ್ತ ಆಕ್ಕೈತ್ರಿ ಅಣ್ಣಾರ?"

ಸೆರಗು ಯಾಕೆ ಒತ್ತಿಕೊಂಡಿದ್ದಾಳೆಂದು ತಿಳಿದು ನಾನು ಮುಖ ತಗ್ಗಿಸಿದೆ. ಕೊನೆಗೂ ಬೋಲ್ಟು ಬಿಚ್ಚಿ ಸೆಲ್ಫನ್ನು ಹೊರಗೆಳೆದೆ. ಹಲ್ಲುಗಳ ನಡುವೆ ಕಾಯಿಚಿಪ್ಪಿನ ಒಂದು ಚೂರು ಕಚ್ಚಿಕೊಂಡು ಕೂತಿತ್ತು. ಅದಕ್ಕೆ ಅಂಟಿದ್ದ ಕೊಬ್ಬರಿ ಇನ್ನೂ ಬೆಳ್ಳಗಿತ್ತು. ನಾನು ಮುಚ್ಚದೆ ಬಿಟ್ಟ ಸಂದು, ನಾನು ಒಡೆದ ಕಾಯಿ.

ಅದನ್ನು ಎತ್ತಿ ತೋರಿಸಬೇಕಿತ್ತು. ನನ್ನ ಕೈ ತಾನಾಗಿ ಅದನ್ನು ಬಿಳಿ ಅಂಗಿಯ ಕಿಸೆಗೆ ಸೇರಿಸಿತು. ತಲೆಯೆತ್ತಿದರೆ ಕಾಕಾ ನನ್ನನ್ನೇ ನೋಡುತ್ತಿದ್ದರು. ನೋಡಿ, ದಂಡೆಯ ಮಂದಿಯ ಕಡೆ ತಿರುಗಿದರು.

"ವಯರ್ ಸಡ್ಲ ಆಗಿತ್ರಿ. ನಾನ ನೋಡ್ಕೋಬೇಕಿತ್ತು."

ಅಷ್ಟು ಚುರುಕಾದ ಬಾಯಿ, ಬೇಕಾದಾಗ ಹೊಲಿದುಕೊಂಡು ಕೂತಿತು. ಇಂಜಿನ್ ಎದ್ದಿತು. ಈಚೆ ದಂಡೆ ಇನ್ನೂ ಮುಟ್ಟುವ ಮೊದಲೇ ಸೊಸೆ ಮೊಣಕಾಲುದ್ದದ ನೀರಿಗೆ ಇಳಿದು ಮನೆಯ ಕಡೆ ಓಡಿದಳು.

ಮುಂದಿನ ಸಂತೆಯ ದಿನ ಅವಳೇ ಕೂಸನ್ನು ಎತ್ತಿಕೊಂಡು ಅಂಗಡಿಗೆ ಬಂದಳು. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಕೂಸು ಅತ್ತದ್ದು ಹೋಗ್ಲಿ ಬಿಡ್ರಿ ಅಣ್ಣಾರ. ಮಾವಾರ ದೋಣಿ ನಡುನೀರಾಗ ನಿಂತೀತು ಅಂತ ಮಂದಿ ಹತ್ತವಲ್ರು. ದೂರ ಆದ್ರೂ ಸುತ್ತ ಹಾಕಿ ಟಂಟಂ ಆಟೋದಾಗ ಹೊಂಟಾರ. ಮಾವಾರು ದಿನಾ ದಂಡಿಮ್ಯಾಲ ಒಬ್ಬರ ಕುಂತ ಬರ್ತಾರ." ಕೂಸನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ಹೇಳಿದಳು, "ಕಿಸೇದಾಗ ಏನ ಇಟ್ಕೊಂಡ್ರಿ ಅನ್ನೂದು ನಾನೂ ನೋಡೀನಿ. ಮಾವಾರು ಮನ್ಯಾಗೂ ವಯರ್ ಅಂತನ ಹೇಳ್ಯಾರ."

ನಾಚಿಕೆಯಿಂದ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಮರುದಿನ ಮುಂಜಾನೆ ಒಂದು ತಗಡು, ಸುತ್ತಿಗೆ ಹಿಡಿದು ದಂಡೆಗೆ ಹೋದೆ. ಮಂದಿ ಟಂಟಂಗೆ ಕಾಯುತ್ತ ಬೇವಿನ ಗಿಡದ ಕೆಳಗೆ ನಿಂತಿದ್ದರು. ಕಾಕಾ ಖಾಲಿ ದೋಣಿಯಲ್ಲಿ ಕೂತು ಹುಟ್ಟಿಗೆ ಎಣ್ಣೆ ಸವರುತ್ತಿದ್ದರು. ನಾನು ಕಿಸೆಯಿಂದ ಚಿಪ್ಪು ತೆಗೆದು ಅಂಗೈಯಲ್ಲಿ ಹಿಡಿದೆ.

"ವಯರ್ ಅಲ್ರಿ. ನಾ ಒಡೆದ ಕಾಯಿ ಸಿಕ್ಕೊಂಡಿತ್ತು. ಕಾಕಾಂದೇನೂ ತಪ್ಪಿಲ್ಲ."

ಬುಟ್ಟಿ ಕೆಳಗಿಟ್ಟುಕೊಂಡು ಕೂತಿದ್ದ ಒಬ್ಬ ಮುದುಕಿ ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿದಳು.

"ಅಂವಗ ಬೈಯೂ ಮುಂದ ಧ್ವನಿ ಹೊಲದ ತನಕ ಕೇಳತಿತ್ತಲ್ಲೋ ತಮ್ಮಾ, ಈಗ್ಯಾಕ ಇಷ್ಟ ಸಣ್ಣ ಆತು? ಜೋರಾಗಿ ಹೇಳು, ಹಿಂದ ನಿಂತವ್ರಿಗೂ ಕೇಳ್ಲಿ."

ನಾನು ಇನ್ನೊಮ್ಮೆ ಹೇಳಿದೆ, ಜೋರಾಗಿ.